ಕ್ವಾಂಗೊ ನಾಡಿನ ಕಿರುಗತ್ತಿ

ಕತ್ತಿಯೆಂದರೆ ಕಡಿಯುವುದಕ್ಕಾಗಿ ಇರುವ ವಸ್ತುವೆಂದು ಯಾರಾದರೂ ಹೇಳಿಯಾರು. ಅಡಿಗೆಯ ಮನೆಯ ಈಳಿಗೆಯಿಂದ ಮೊದಲುಗೊಂಡು ದಂಡಾಳಿನ ಖಡ್ಗದವರೆಗೆ ಈ ಮಾತು ಸಲ್ಲುವುದೂ ಉಂಟು. ಆದರೆ ಒರೆಯಿಂದ ಹೊರಕ್ಕೆ ಬಂದು ಮಾಡುವ ಕೆಲಸಕ್ಕಿಂತ, ಸೊಂಟದಲ್ಲಿಯೋ ಕೈಯಲ್ಲಿಯೋ ಸುಮ್ಮನೆ ಇದ್ದುಕೊಂಡು ಮಾಡುವ ಕೆಲಸವೇ ಹೆಚ್ಚಾಗಿರುವ ಕತ್ತಿಗಳೂ ಲೋಕದಲ್ಲಿ ಇವೆ. ಮಧ್ಯ ಆಫ್ರಿಕದ ಕಾಂಗೋ ದೇಶದಲ್ಲಿ ಪೆಂಡೆ, ಯಾಕಾ ಎಂಬ ಎರಡು ಜನಾಂಗಗಳವರು ತಲೆಮಾರುಗಳಿಂದ ಇಟ್ಟುಕೊಂಡು ಬಂದ ಕಿರುಗತ್ತಿಯು ಅಂತಹದು. ಅದನ್ನು ಧರಿಸಿದವನ ಮಾತಿಗೆ ಒಂದು ತೂಕವಿದ್ದಿತು. ಧರಿಸದವನ ಮಾತಿಗೆ ಆ ತೂಕವಿರಲಿಲ್ಲ. ಆ ತೂಕವು ಎಲ್ಲಿಂದ ಬಂದಿತು, ಮುಂದೆ ಅದು ಏನಾಯಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾಂಗೋ ದೇಶದ ವಿಸ್ತಾರವು ಸುಮಾರು ೨೩ ಲಕ್ಷ ಚದರ ಕಿಲೋಮೀಟರು. ನಮ್ಮ ದೇಶದ ಮುಕ್ಕಾಲು ಪಾಲಿಗೆ ತುಸು ಕಡಮೆಯೆನ್ನಬಹುದು. ಅದರ ನೈಋತ್ಯ ಮೂಲೆಯಲ್ಲಿ, ಅಂಗೋಲ ದೇಶದ ಎತ್ತರದ ನೆಲದಿಂದ ಇಳಿದು ಉತ್ತರಾಭಿಮುಖವಾಗಿ ಹರಿಯುವ ನದಿಗಳು ಹಲವು. ಅವುಗಳಲ್ಲಿ ಕ್ವಿಲು ನದಿಯು ಕ್ವಾಂಗೊ ನದಿಯನ್ನೂ, ಕ್ವಾಂಗೊ ನದಿಯು ಕಸಾಯ್ ನದಿಯನ್ನೂ, ಕಸಾಯ್ ನದಿಯು ಕಡೆಗೆ ಮಹಾನದಿಯಾದ ಕಾಂಗೋವನ್ನೂ ಕೂಡಿಕೊಳ್ಳುತ್ತವೆ. ನದಿಯ ಅಂಚುಗಳಲ್ಲಿ ದಟ್ಟವಾದ ಕಾಡು, ನಡುವೆ ಹುಲ್ಲು ಬೆಳೆದ ಮರಳುನೆಲದ ಬಯಲು, ಅಲ್ಲಲ್ಲಿ ತಾಳೆಯ ಜಾತಿಯ ಮರಗಳು, ಇದು ಆ ನಾಡಿನ ಮುಖ. ಕ್ವಾಂಗೊ ನದಿಯ ಕಣಿವೆಯಲ್ಲಿ ಯಾಕಾ ಜನರೂ, ಅವರಿಂದ ಪೂರ್ವಕ್ಕೆ ಕ್ವಿಲುವಿನಿಂದ ಕಸಾಯ್ ಪ್ರಾಂತದವರೆಗೆ, ಲೊವಾಂಜೆ ಎಂಬ ಹೊಳೆಯ ಎರಡು ಕಡೆಗಳಲ್ಲಿಯೂ ಪೆಂಡೆ ಜನರೂ ವಾಸಿಸುತ್ತಾರೆ. ಮರಗೆಣಸು ಇವರ ಮುಖ್ಯ ಆಹಾರ. ಬೇಸಾಯದ ಬಹುಭಾಗವು ಹೆಂಗಸರದು, ಬೇಟೆ ಗಂಡಸರದು. ಪೆಂಡೆಗಳಲ್ಲಿ ಅಧಿಕಾರವು ತಾಯಿಯ ಕಡೆಯಿಂದ, ಅಂದರೆ ನಮ್ಮ ತುಳುನಾಡಿನ ಅಳಿಯಸಂತಾನದ ಕಟ್ಟಿನಂತೆ, ಸೋದರಮಾವನಿಂದ ಸೋದರಳಿಯನಿಗೆ ಬರುತ್ತದೆ. ಯಾಕಾ ದೊರೆಗಳಲ್ಲಿಯಾದರೋ ತಂದೆಯ ವಂಶವೇ ಪ್ರಧಾನ.

ಕತ್ತಿಯ ರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಉದ್ದವು ಒಂದು ಮೊಳದ ಆಸುಪಾಸು. ಅಲಗು ಕಬ್ಬಿಣದ್ದು, ಅಗಲವಾದದ್ದು, ಎರಡು ಕಡೆಯೂ ಬಾಯಿ ಉಳ್ಳದ್ದು. ಹಿಡಿಯು ಮರದ್ದು, ಕೆಲವಕ್ಕೆ ತಾಮ್ರದ ಇಲ್ಲವೆ ಹಿತ್ತಾಳೆಯ ತಂತಿಯನ್ನು ಸುತ್ತಿರುತ್ತಾರೆ, ಕೆಲವಕ್ಕೆ ಹಿತ್ತಾಳೆಯ ಮೊಳೆಗಳನ್ನು ಸಾಲಾಗಿ ಬಡಿದಿರುತ್ತಾರೆ. ದೂರದಿಂದ ನೋಡಿದವನಿಗೆ ಇದರಲ್ಲಿ ವಿಶೇಷವೇನೂ ತೋರದು. ಯುದ್ಧಕ್ಕೆ ಬೇಕಾದ ಬಿಲ್ಲುಬಾಣಗಳೂ, ಪೋರ್ಚುಗೀಸರ ವ್ಯಾಪಾರದಿಂದ ಬಂದ ಚಕಮಕಿ ಕಲ್ಲಿನ ಬಂದೂಕುಗಳೂ ಆ ಜನರಲ್ಲಿ ಬೇರೆಯಾಗಿಯೇ ಇದ್ದುವು. ಈ ಕತ್ತಿಯ ಬೆಲೆಯನ್ನು ತಿಳಿಯಬೇಕಾದರೆ ಮೊದಲು ಅದರ ಕಬ್ಬಿಣವು ಹುಟ್ಟಿದ ಬಗೆಯನ್ನು ತಿಳಿಯಬೇಕು.

ಈಗಿನ ಕಾಲದಲ್ಲಿ ಕಬ್ಬಿಣದಷ್ಟು ಅಗ್ಗದ ಲೋಹವಿಲ್ಲ. ಯೂರೋಪಿನ ಕಬ್ಬಿಣವು ಹಡಗುಗಳಲ್ಲಿ ಬಂದು ಬೀಳುವುದಕ್ಕೆ ಮುಂಚೆ ಮಧ್ಯ ಆಫ್ರಿಕದಲ್ಲಿ ಒಂದು ಹಿಡಿ ಕಬ್ಬಿಣವೆಂದರೆ ಎಷ್ಟೋ ಜನರ ಎಷ್ಟೋ ದಿನಗಳ ಶ್ರಮ. ಕಬ್ಬಿಣದ ಅಂಶವುಳ್ಳ ಕೆಂಪುಕಲ್ಲನ್ನು ಅಗೆದು ತರಬೇಕು, ಒಡೆಯಬೇಕು. ಗಟ್ಟಿಯಾದ ಮರಗಳನ್ನು ಕಡಿದು ಇದ್ದಲು ಸುಡಬೇಕು. ಜೇಡಿಮಣ್ಣಿನಿಂದ ಕುಲುಮೆಯನ್ನು ಕಟ್ಟಿ, ಕಲ್ಲನ್ನೂ ಇದ್ದಲನ್ನೂ ಪದರಪದರವಾಗಿ ತುಂಬಿ, ಬುಡದಲ್ಲಿ ಮಣ್ಣಿನ ಕೊಳವೆಗಳ ಮೂಲಕ ತಿದಿಯೂದಬೇಕು. ಅಲ್ಲಿಯ ತಿದಿಯು ಮರದಲ್ಲಿ ಕೊರೆದ ಜೋಡಿ ಬಟ್ಟಲುಗಳಿಗೆ ಚರ್ಮದ ಮುಚ್ಚಳ ಕಟ್ಟಿದ್ದು. ಚರ್ಮಕ್ಕೆ ಸಿಕ್ಕಿಸಿದ ಎರಡು ಕೋಲುಗಳನ್ನು ಕೈಯಲ್ಲಿ ಹಿಡಿದು ಒಂದಾದಮೇಲೊಂದರಂತೆ ಮೇಲೆ ಕೆಳಗೆ ಆಡಿಸುತ್ತಿದ್ದರೆ ಗಾಳಿಯು ನಿಲ್ಲದೆ ನುಗ್ಗುವುದು. ಕಬ್ಬಿಣವು ನೀರಾಗಿ ಕರಗಲು ೧೫೩೮ ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು. ಮಣ್ಣಿನ ಕುಲುಮೆಯಲ್ಲಿ ಅಷ್ಟು ಕಾವೇರಿಸುವುದು ಸಾಧ್ಯವಿಲ್ಲ. ಸುಮಾರು ೧೨೦೦ ಡಿಗ್ರಿಯ ಕಾವಿನಲ್ಲಿ ಕಲ್ಲಿನ ಕಸರೆಲ್ಲ ಕರಗಿ ಕಿಟ್ಟವಾಗಿ ಇಳಿದುಹೋಗುತ್ತದೆ, ಕಬ್ಬಿಣವು ಮಾತ್ರ ಕರಗದೆ ಸ್ಪಂಜಿನಂತೆ ತೂತುತೂತಾದ ಒಂದು ಉಂಡೆಯಾಗಿ ಉಳಿಯುತ್ತದೆ. ಆ ಉಂಡೆಯನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಒಳಗೆ ಸಿಕ್ಕಿಕೊಂಡ ಕಿಟ್ಟವನ್ನು ಹಿಂಡಿ ತೆಗೆದ ಮೇಲೆಯೇ ಅದು ಕತ್ತಿಗೆ ಒದಗುವುದು. ಇಷ್ಟೆಲ್ಲ ಮಾಡಿದರೂ ಕೆಲವು ಸಲ ಕುಲುಮೆಯನ್ನು ಒಡೆದಾಗ ಬೂದಿ, ಕಿಟ್ಟಗಳ ಹೊರತು ಏನೂ ಸಿಕ್ಕದು.

ಹೀಗೆ ಸಫಲವಾಗುವುದೋ ಇಲ್ಲವೋ ಎಂಬ ಸಂಶಯವಿರುವ ಕಾರ್ಯದಲ್ಲಿ ನೇಮನಿಷ್ಠೆಗಳು ಬೆಳೆಯುವುದು ಸಹಜ. ಮಧ್ಯ ಆಫ್ರಿಕದ ಬಹುಭಾಗದಲ್ಲಿ ಕಲ್ಲು ಕರಗಿಸುವ ದಿನಗಳಲ್ಲಿ ಕಮ್ಮಾರರು ಹೆಂಡಿರಿಂದ ದೂರವಿದ್ದು ವ್ರತಸ್ಥರಾಗಿರುತ್ತಿದ್ದರು. ಕುಲುಮೆಯನ್ನು ಅವರು ಹೆಣ್ಣೆಂದೂ, ಅದರಿಂದ ಬರುವ ಕಬ್ಬಿಣವನ್ನು ಅವಳು ಹೆತ್ತ ಕೂಸೆಂದೂ ಭಾವಿಸುತ್ತಿದ್ದರು. ಪೆಂಡೆಗಳ ದಕ್ಷಿಣಕ್ಕಿರುವ ಚೋಕ್ವೆ ಎಂಬ ಜನರಂತೂ ಕುಲುಮೆಯ ಮೈಮೇಲೆ ಮಣ್ಣಿನ ಸ್ತನಗಳನ್ನು ಮಾಡಿ, ಹೆರಿಗೆಗೆ ಕುಳಿತ ತಾಯಿಯ ಆಕಾರವನ್ನೇ ಅದಕ್ಕೆ ಕೊಡುತ್ತಿದ್ದರು. ಕಮ್ಮಾರನಿಗೂ ದೊರೆಗೂ ನಂಟುಂಟೆಂಬ ನಂಬುಗೆಯು ಆ ಸೀಮೆಯಲ್ಲೆಲ್ಲ ಹರಡಿದೆ. ಸಮುದ್ರದ ಕಡೆಯ ಕಾಂಗೋ ರಾಜ್ಯದ ಮೂಲಪುರುಷನೇ ಕಮ್ಮಾರನಾಗಿದ್ದನೆಂದು ಐತಿಹ್ಯವಿದೆ. ಇಷ್ಟು ತಪಸ್ಸಿನಿಂದ ದೊರಕಿದ ವಸ್ತುವನ್ನು ಕಂಡಕಂಡವರೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಹೇಗೆ?

ಇನ್ನು ಹೆಸರಿನ ವಿಚಾರ. ಯಾಕಾ ದೊರೆಗಳ ಅಧಿಕಾರದ ಕತ್ತಿಯನ್ನು ಅವರ ಭಾಷೆಯಲ್ಲಿ 'ಂಬೇಲೆ ಪೋಕೊ' ಎನ್ನುತ್ತಾರೆ. 'ಂಬೇಲೆ' ಎಂಬುದು ಪಶ್ಚಿಮ ಕಾಂಗೋವಿನ ಭಾಷೆಗಳಲ್ಲಿ ಚೂರಿಗೆ ಇರುವ ಸಾಮಾನ್ಯವಾದ ಹೆಸರು. ಪೂರ್ವದ ಕಡೆಯ ಚೋಕ್ವೆ, ಲುವಾಲೆ ಮೊದಲಾದ ಭಾಷೆಗಳಲ್ಲಿ ಚೂರಿಗೆ 'ಪೋಕೊ' ಎಂದೇ ಹೆಸರು. ಒಂದೇ ಅರ್ಥದ ಎರಡು ಮಾತುಗಳು, ಒಂದು ಪಡುವಣದ್ದು, ಒಂದು ಮೂಡಣದ್ದು, ಒಂದೇ ಕತ್ತಿಯ ಹೆಸರಿನಲ್ಲಿ ಜೊತೆಗೂಡಿ ಕುಳಿತಿವೆಯೆಂದು ನನಗೆ ತೋರುತ್ತದೆ. ಯಾಕಾ ನಾಡಿನ ಚರಿತ್ರೆಯನ್ನು ನೋಡಿದರೆ ಇದು ಅಕಸ್ಮಾತ್ತಾಗಿ ಆದುದೆನ್ನಲಾಗದು.

ಆ ಚರಿತ್ರೆಯ ಬೇರು ಪೂರ್ವದ ಲುಂಡಾ ರಾಜ್ಯದಲ್ಲಿದೆ. ಅದನ್ನು ಕುರಿತ ಕಥೆಯನ್ನು ಅಲ್ಲಿಯ ಮನೆಮನೆಯಲ್ಲಿಯೂ ಹೇಳುತ್ತಾರೆ. ಮುದಿ ದೊರೆಯೊಬ್ಬನು ಒಂದು ದಿನ ಚಾಪೆ ಹೆಣೆಯುತ್ತ ಕುಳಿತಿದ್ದನಂತೆ. ಅವನ ಇಬ್ಬರು ಗಂಡುಮಕ್ಕಳು ಕುಡಿದು ಬಂದು ತಂದೆಯನ್ನು ಹೀಯಾಳಿಸಿ ಹೊಡೆದರು. ಮಗಳಾದ ಲುಯೆಜಿಯು ಅವನ ಆರೈಕೆ ಮಾಡಿದಳು. ದೊರೆಯು ಮಕ್ಕಳನ್ನು ಕಡೆಗಣಿಸಿ, ರಾಜ್ಯಾಧಿಕಾರದ ಗುರುತಾದ 'ಲುಕಾನೊ' ಎಂಬ ಕಡಗವನ್ನು ಮಗಳಿಗೆ ಕೊಟ್ಟು ಸತ್ತನು. ಕೆಲವು ಕಾಲದ ಮೇಲೆ ಲೂಬ ದೇಶದ ರಾಜಕುಮಾರನಾದ ಚಿಬಿಂಡ ಇಲುಂಗನೆಂಬ ಬೇಟೆಗಾರನು ಅಲ್ಲಿಗೆ ಬಂದನು. ಲುಯೆಜಿಯು ಅವನನ್ನು ಮದುವೆಯಾಗಿ ಕಡಗವನ್ನು ಅವನ ಕೈಗೆ ಒಪ್ಪಿಸಿದಳು. ಅನ್ಯನು ಆಳುವುದನ್ನು ಸಹಿಸದೆ ಅವಳ ಅಣ್ಣನಾದ ಕಿಂಗೂರಿಯು ತನ್ನವರನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟುಹೋದನು. ಕಥೆಯಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಅಧಿಕಾರವು ಕೈಯಿಂದ ಕೈಗೆ ಹೋಗುವ ಒಂದು ವಸ್ತುವಿನಲ್ಲಿ ನೆಲಸಿರುತ್ತದೆಯೆಂಬ ನಂಬುಗೆಯನ್ನು ಮಾತ್ರ ಅದು ಚೆನ್ನಾಗಿ ತೋರಿಸುತ್ತದೆ.

ಲುಂಡಾ ಮನೆತನಗಳವರು ಹೀಗೆ ಕಾಲಕಾಲಕ್ಕೆ ಪಶ್ಚಿಮಕ್ಕೆ ಹೊರಟು ದೇಶಗಳನ್ನು ಗೆದ್ದರು. ೧೮ನೆಯ ಶತಮಾನದ ಹೊತ್ತಿಗೆ ಅವರ ಒಂದು ಶಾಖೆಯು ಕ್ವಾಂಗೊ ಕಣಿವೆಯಲ್ಲಿ ನೆಲೆಯೂರಿತು. ಅಲ್ಲಿಯ ಮಹಾರಾಜನಿಗೆ 'ಕಿಯಾಂಫು' ಎಂಬ ಬಿರುದು; ಕಸೊಂಗೊ ಲುಂಡಾ ಅವನ ಪಟ್ಟಣ. ಗೆದ್ದವರು ನಾಡಿನ ಮೊದಲ ನಿವಾಸಿಗಳನ್ನು ಓಡಿಸಲಿಲ್ಲ. ಅವರ ಭಾಷೆಯನ್ನೇ ತಾವೂ ಕಲಿತು ಆಡತೊಡಗಿದರು. ಕಪ್ಪಕಾಣಿಕೆ, ದಂಡು, ನ್ಯಾಯ, ಇವು ಲುಂಡಾ ದೊರೆಯವು. ಭೂಮಿಯ ಶಾಂತಿ, ಬೇಟೆಯ ಹರಕೆ, ಇವು ಹಳೆಯ 'ಮಣ್ಣಿನ ಒಡೆಯ'ರವು ಎಂಬ ಹೊಂದಾಣಿಕೆಯು ಏರ್ಪಟ್ಟಿತು. ಕತ್ತಿಯು ದೊರೆಯ ಪಾಲಿನದು. ಚಿರತೆಯ ಚರ್ಮದೊಡನೆ ಅದೂ ರಾಜಚಿಹ್ನೆಗಳಲ್ಲಿ ಒಂದಾಯಿತು. ಪೆಂಡೆಗಳಾದರೋ ತಮ್ಮ ಹಿರಿಯರು ಅಂಗೋಲದ ಸಮುದ್ರತೀರದ ಕಡೆಯಿಂದ ಪೋರ್ಚುಗೀಸರ ಕಾಟ ತಾಳದೆ ಪೂರ್ವಕ್ಕೆ ಬಂದವರೆಂದು ಹೇಳುತ್ತಾರೆ. ಒಬ್ಬರು ಮೂಡಣದಿಂದ ಬಂದವರು, ಮತ್ತೊಬ್ಬರು ಪಡುವಣದಿಂದ ಬಂದವರು. ಇಬ್ಬರ ಮುಖ್ಯಸ್ಥರ ಕೈಯಲ್ಲಿಯೂ ಒಂದೇ ಬಗೆಯ ಕಿರುಗತ್ತಿ.

ಹೊರಗಿನಿಂದ ಬಂದ ಕತ್ತಿಯೂ ಆ ಸೀಮೆಯಲ್ಲಿ ಒಂದುಂಟು. ಪೋರ್ಚುಗೀಸ್ ನಾವಿಕನಾದ ದಿಯೊಗೊ ಕಾವೋ ಎಂಬಾತನು ೧೪೮೩ರಲ್ಲಿ ಕಾಂಗೋ ನದಿಯ ಮುಖಕ್ಕೆ ಬಂದ ಮೇಲೆ, ಕಾಂಗೋ ರಾಜ್ಯದ ಕಮ್ಮಾರರು ಯೂರೋಪಿನ ಖಡ್ಗವನ್ನು ನೋಡಿ ಅದರ ಮಾದರಿಯಲ್ಲಿಯೇ ತಮ್ಮ ದೊರೆಗಳಿಗೆ 'ಂಬೇಲೆ ಅ ಲುಲೆಂಡೊ', ಎಂದರೆ 'ಅಧಿಕಾರದ ಕತ್ತಿ'ಯನ್ನು ಮಾಡಿಕೊಟ್ಟರು. ಅದರ ಹಿಡಿಯ ಬಳಿ ಹಾವಿನಂತೆ ಬಳುಕಿದ ಅಡ್ಡಗಂಬಿಗಳಿವೆ. ಯಾಕಾ, ಪೆಂಡೆಗಳ ಅಗಲವಾದ ಅಲಗಿನ ಕತ್ತಿಯು ಆ ಅನುಕರಣೆಯ ಕುಲಕ್ಕೆ ಸೇರಿದುದಲ್ಲ. ಅದರ ಬಂಧುಗಳು ಲುಂಡಾ, ಚೋಕ್ವೆ ಜನರ 'ಮುಕ್ವಾಲೆ' ಎಂಬ ಕತ್ತಿಗಳು.

ಈ ಕತ್ತಿಯನ್ನು ಹಿಡಿದು ಏನು ಮಾಡುತ್ತಿದ್ದರು? ಪಟ್ಟದ ದಿನ ಹಿಡಿಯುತ್ತಿದ್ದರು, ಕುಣಿತದಲ್ಲಿ ಬೀಸುತ್ತಿದ್ದರು, ನ್ಯಾಯ ಹೇಳುವಾಗ ಬಳಿಯಲ್ಲಿಟ್ಟುಕೊಳ್ಳುತ್ತಿದ್ದರು. ಮರಣದಂಡನೆಯನ್ನು ವಿಧಿಸುವ ಹಕ್ಕು ತಮಗುಂಟೆಂಬುದನ್ನು ದೊರೆಗಳು ಇದರಿಂದ ನೆನಪಿಗೆ ತರುತ್ತಿದ್ದರು. ಪೂರ್ವದ ಪೆಂಡೆಗಳಲ್ಲಿ 'ಪುಂಬು' ಎಂಬ ಮುಖವಾಡವೊಂದಿದೆ. ದೊಡ್ಡ ಮುಖ್ಯಸ್ಥರಿಗೆ ಮಾತ್ರ ಅದನ್ನು ಇಟ್ಟುಕೊಳ್ಳುವ ಅಧಿಕಾರ. ನಾಡಿಗೆ ಆಪತ್ತು ಬಂದಾಗ ಆ ಮುಖವಾಡವನ್ನು ತೊಟ್ಟವನು ಆಯುಧಧಾರಿಯಾಗಿ ಊರೊಳಗೆ ನುಗ್ಗಿ ಬರುತ್ತಾನೆ. ಅವನ ಸೊಂಟಕ್ಕೆ ಹಗ್ಗ ಕಟ್ಟಿ ತರುಣರು ಹಿಂದಕ್ಕೆ ಜಗ್ಗಿ ಹಿಡಿದಿರುತ್ತಾರೆ. ದೊರೆಯ ಕೋಪವು ಎಷ್ಟು ಭಯಂಕರವೋ ಅದನ್ನು ತಡೆದು ಹಿಡಿಯುವ ಹಗ್ಗವೂ ಅಷ್ಟೇ ಅವಶ್ಯಕವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರಗ್ರಂಥವು ತಾನೆ ಹೇಳೀತು!

ಇಲ್ಲಿ ಒಂದು ಮಾತನ್ನು ಹೇಳಬೇಕು. ಯೂರೋಪು, ಅಮೆರಿಕಗಳ ಹಳೆಯ ಸಾಮಾನಿನ ವ್ಯಾಪಾರಿಗಳು ಕಾಂಗೋವಿನ ಯಾವ ಕತ್ತಿ ಸಿಕ್ಕಿದರೂ ಅದಕ್ಕೆ 'ತಲೆ ಕಡಿಯುವ ಕತ್ತಿ' ಎಂದು ಚೀಟಿ ಅಂಟಿಸುವುದುಂಟು. ರಕ್ತದ ವಾಸನೆ ಹತ್ತಿದರೆ ಬೆಲೆ ಏರುತ್ತದೆಯೆಂಬುದನ್ನು ಬಿಟ್ಟರೆ ಇದಕ್ಕೆ ಹೆಚ್ಚಿನ ಆಧಾರವಿರುವುದಿಲ್ಲ. ಪೆಂಡೆಗಳ ನೆರೆಯವರಾದ ಕೂಬ ಜನರನ್ನು ನೋಡಿ. ಅವರ ಪ್ರಸಿದ್ಧನಾದ ರಾಜ ಶ್ಯಾಮನು ೧೭ನೆಯ ಶತಮಾನದಲ್ಲಿ, ಎಸೆದು ಕೊಲ್ಲುವ ಚೂರಿಯನ್ನು ನಿಷೇಧಿಸಿ, 'ಇಕುಲ್' ಎಂಬ ಶಾಂತಿಯ ಚೂರಿಯನ್ನು ಬಳಕೆಗೆ ತಂದನೆಂದು ಹೇಳುತ್ತಾರೆ. ಆ ದೊರೆಗಳ ಮರದ ಪ್ರತಿಮೆಗಳು ಇಂದಿಗೂ ಎಡಗೈಯಲ್ಲಿ ಅದನ್ನು ಹಿಡಿದು ಕುಳಿತಿವೆ. ಎಮಿಲ್ ತೋರ್ಡೆ ಎಂಬ ಹಂಗೆರಿ ದೇಶದವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ೧೯೦೭ರಿಂದ ೧೯೦೯ರವರೆಗೆ ಈ ಪ್ರಾಂತದಲ್ಲೆಲ್ಲ ಸಂಚರಿಸಿ ಅಂತಹ ಪ್ರತಿಮೆಗಳನ್ನೂ ಬೇರೆ ಸಾವಿರಾರು ವಸ್ತುಗಳನ್ನೂ ಕೊಂಡೊಯ್ದನು. ಯಾಕಾ ಜನರ ವಿಷಯದಲ್ಲಿ ಅವನು ಜಾಯ್ಸ್ ಎಂಬವನೊಡಗೂಡಿ ೧೯೦೬ರಲ್ಲಿಯೇ ಒಂದು ಲೇಖನವನ್ನು ಪ್ರಕಟಿಸಿದ್ದನು.

ತೋರ್ಡೆಯು ಸಂಚರಿಸುತ್ತಿದ್ದ ದಿನಗಳಲ್ಲಿಯೇ ಕತ್ತಿಗೆ ಒಬ್ಬ ಎದುರಾಳಿ ಹುಟ್ಟಿಯಾಗಿದ್ದನು. ಅವನು ಒಂದು ಚಿಕ್ಕ ಪದಕ. ೧೮೮೫ರಲ್ಲಿ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನು ಕಾಂಗೋವನ್ನು ತನ್ನ ಸ್ವಂತದ ಆಸ್ತಿಯನ್ನಾಗಿ ಮಾಡಿಕೊಂಡನಷ್ಟೆ. ಅವನ ಸರ್ಕಾರವು ೧೮೯೧ರಲ್ಲಿ ಒಂದು ಶಾಸನವನ್ನು ಹೊರಡಿಸಿ, ತಾನು ಒಪ್ಪಿದ ಮುಖ್ಯಸ್ಥರಿಗೆ ಮಾತ್ರ ಮಾನ್ಯತೆಯನ್ನು ಕೊಡುವುದಾಗಿ ಸಾರಿತು. ೧೯೦೮ರಲ್ಲಿ ದೇಶವು ಬೆಲ್ಜಿಯಂ ಸರ್ಕಾರಕ್ಕೆ ಸೇರಿತು; ೧೯೧೦ರ ಶಾಸನವು ನಾಡನ್ನೆಲ್ಲ ಇಂತಹ ಮುಖ್ಯಸ್ಥರ ಸೀಮೆಗಳಾಗಿ ಹಂಚಿತು. ಸರ್ಕಾರವು ಒಪ್ಪಿದ ಮುಖ್ಯಸ್ಥನ ಕೊರಳಿಗೆ ಸರಪಣಿಯಲ್ಲಿ ಒಂದು ಪದಕವನ್ನು ತೂಗಹಾಕುತ್ತಿದ್ದರು. ಕತ್ತಿಯು ಹಿರಿಯರಿಂದ ಬಂದುದು. ಪದಕವು ಸಾಹೇಬನಿಂದ ಬಂದುದು. ಕತ್ತಿಯಿದ್ದವನು ತನ್ನವರಿಗೆ ಉತ್ತರ ಹೇಳಬೇಕಾಗಿತ್ತು. ಪದಕವಿದ್ದವನು ತಲೆಗಂದಾಯವನ್ನೂ ಕೂಲಿಯಾಳುಗಳನ್ನೂ ಲೆಕ್ಕ ತಪ್ಪದೆ ಒಪ್ಪಿಸಬೇಕಾಗಿತ್ತು. ಒಪ್ಪಿಸದಿದ್ದರೆ ಪದಕವೂ ಹೋಗುವುದು, ಅವನೂ ಸೆರೆಮನೆಗೆ ಹೋಗಬೇಕಾಗುವುದು. ಕೆಲವು ಊರುಗಳಲ್ಲಿ ಕತ್ತಿಯ ಮುಖ್ಯಸ್ಥನೊಬ್ಬ, ಪದಕದ ಮುಖ್ಯಸ್ಥನೊಬ್ಬ ಎಂದು ಇಬ್ಬರಾದರು.

೧೯೧೧ರಲ್ಲಿ ಇಂಗ್ಲೆಂಡಿನ ಸಾಬೂನಿನ ದೊಡ್ಡ ವರ್ತಕನಾದ ವಿಲಿಯಂ ಲೀವರನು ಬೆಲ್ಜಿಯಂ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ತಾಳೆಯೆಣ್ಣೆಗಾಗಿ ಏಳೂವರೆ ಲಕ್ಷ ಹೆಕ್ಟೇರುಗಳವರೆಗೆ ಭೂಮಿಯನ್ನು ಆರಿಸಿಕೊಳ್ಳುವ ಹಕ್ಕನ್ನು ಪಡೆದನು. ಸನ್‌ಲೈಟ್ ಸಾಬೂನಿನ ಲೀವರನೆಂದರೆ ನಮ್ಮ ಗೃಹಿಣಿಯರಿಗೆ ಪರಿಚಯ ಹೇಳಬೇಕಾಗಿಲ್ಲ. ಕ್ವಿಲು ಪ್ರಾಂತದಲ್ಲಿ ಅವನ ಸಂಘದ ಠಾಣ್ಯಕ್ಕೆ ಲೀವರ್‌ವಿಲ್ ಎಂದೇ ಹೆಸರಾಯಿತು. ಇಂದು ಅದು ಲುಸಾಂಗ. ಪೆಂಡೆ ಗಂಡಸರು ಎತ್ತರದ ಮರಗಳನ್ನು ಹತ್ತಿ ಗೊನೆಗಳನ್ನು ಕಡಿಯಬೇಕು. ಹೆಂಗಸರೂ ಮಕ್ಕಳೂ ಅವನ್ನು ಹೊತ್ತು ತಲಪಿಸಬೇಕು. ೧೯೨೯ರ ತರುವಾಯ ಲೋಕದಲ್ಲೆಲ್ಲ ಬೆಲೆಗಳು ಬಿದ್ದಾಗ ಗೊನೆಗೆ ಕೊಡುವ ಕಾಸನ್ನು ಇಳಿಸಿದರು. ಕಂದಾಯದ ಒತ್ತಾಯವನ್ನು ಮಾತ್ರ ಇಳಿಸಲಿಲ್ಲ.

೧೯೩೧ನೆಯ ಇಸವಿಯಲ್ಲಿ ಪೆಂಡೆಗಳು ತಿರುಗಿಬಿದ್ದರು. ಜೂನ್ ತಿಂಗಳಿನಲ್ಲಿ ಮಾಕ್ಸಿಮಿಲಿಯಾಂ ಬಲೋ ಎಂಬ ಬೆಲ್ಜಿಯಂ ಅಧಿಕಾರಿಯು ಕೊಲೆಯಾದನು. ಸರ್ಕಾರದ ಪಡೆಯು ಬಂದಿತು. ಬಿಲ್ಲುಬಾಣಗಳು ಒಂದು ಕಡೆ, ಬಂದೂಕುಗಳು ಒಂದು ಕಡೆ. ಸೆಪ್ಟೆಂಬರ್ ಹೊತ್ತಿಗೆ ದಂಗೆಯು ಅಡಗಿದಾಗ ಪೆಂಡೆಗಳಲ್ಲಿ ಐನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಬಲೋವಿನ ಪ್ರೇತವು ಕಾಡದಿರಲೆಂದು ಪೆಂಡೆ ಶಿಲ್ಪಿಯೊಬ್ಬನು ಆಗಲೇ ಅವನದೊಂದು ಮರದ ಪ್ರತಿಮೆಯನ್ನು ಕೆತ್ತಿದನು. ಆ ಪ್ರತಿಮೆಯನ್ನು ೧೯೭೨ರಲ್ಲಿ ಅಮೆರಿಕದ ವಿದ್ವಾಂಸನೊಬ್ಬನು ಕೊಂಡನು. ೨೦೧೫ರಲ್ಲಿ ಅದು ವರ್ಜೀನಿಯ ಸಂಸ್ಥಾನದ ಕಲಾಶಾಲೆಗೆ ಸೇರಿತು. ೨೦೨೪ರಲ್ಲಿ ಎರವಲಾಗಿ ಲುಸಾಂಗಕ್ಕೇ ಹಿಂದಿರುಗಿ ಕೆಲವು ತಿಂಗಳು ಅಲ್ಲಿದ್ದಿತು.

ಕಬ್ಬಿಣದ ಕತ್ತಿಗಳಿಗೆ ಅಷ್ಟು ಭಾಗ್ಯವೂ ಬಂದಿಲ್ಲ. ವಿದೇಶದ ಕಬ್ಬಿಣವು ಬಂದ ಮೇಲೆ ಕಲ್ಲು ಕರಗಿಸುವ ಕುಲುಮೆಗಳು ಆರಿದುವು. ಕಮ್ಮಾರರು ಹಳೆಯ ಮೋಟಾರುಗಳ ತಗಡು, ಕಮಾನುಪಟ್ಟಿಗಳನ್ನು ಬಡಿಯತೊಡಗಿದರು. ಹಳೆಯ ಅಲಗುಗಳನ್ನು ಅಧಿಕಾರಿಗಳೂ ಪಾದ್ರಿಗಳೂ ವರ್ತಕರೂ ಕೊಂಡೊಯ್ದರು. ಕೆಲವನ್ನು ಹಣ ಕೊಟ್ಟು, ಕೆಲವನ್ನು ಕೊಡದೆ. ಬ್ರಸೆಲ್ಸಿನ ಬಳಿಯ ತೆರ್ವುರೆನ್ ಎಂಬಲ್ಲಿ ೧೮೯೭ರ ಪ್ರದರ್ಶನದಿಂದ ಬೆಳೆದ ವಸ್ತುಸಂಗ್ರಹಾಲಯವು ಈ ಸಾಮಗ್ರಿಯ ದೊಡ್ಡ ಭಂಡಾರ. ಅಲ್ಲಿಯೂ ಬೇರೆ ಕಡೆಗಳಲ್ಲಿಯೂ ಇಂತಹ ಕತ್ತಿಯ ಬಳಿಯ ಚೀಟಿಯಲ್ಲಿ ಸಾಮಾನ್ಯವಾಗಿ ಇಷ್ಟೇ ಇರುವುದು: ಜನಾಂಗದ ಹೆಸರು, ಕಬ್ಬಿಣ, ಮರ, ಉದ್ದ ಇಷ್ಟು. ಬಡಿದ ಕಮ್ಮಾರನ ಹೆಸರೂ ಹಿಡಿದ ಮುಖ್ಯಸ್ಥನ ಹೆಸರೂ ದೊರಕುವುದು ಅಪರೂಪ.

ಮುಖ್ಯಸ್ಥರು ಮಾತ್ರ ಮಾಯವಾಗಿಲ್ಲ. ದೇಶವು ೧೯೬೦ರಲ್ಲಿ ಸ್ವತಂತ್ರವಾಯಿತು. ಪೆಂಡೆ ಜನಾಂಗದ ಆಂಟ್ವಾನ್ ಗಿಜೆಂಗನು ಮೊದಲ ಸರ್ಕಾರದಲ್ಲಿ ಉಪಪ್ರಧಾನಿಯಾಗಿದ್ದು, ೨೦೦೬ರಿಂದ ೨೦೦೮ರವರೆಗೆ ಪ್ರಧಾನಿಯೂ ಆದನು. ೨೦೦೬ರ ರಾಜ್ಯಾಂಗವು ಪರಂಪರೆಯ ಅಧಿಕಾರವನ್ನು ಮನ್ನಿಸಿದೆ. ೨೦೧೫ರಲ್ಲಿ ಮುಖ್ಯಸ್ಥರ ಸ್ಥಾನಮಾನಗಳನ್ನು ಕುರಿತು ಬೇರೆ ಕಾಯಿದೆಯೇ ಆಯಿತು. ಈ ಅಧಿಕಾರವು ಬರಿಯ ಅಲಂಕಾರವೆಂದು ತಿಳಿಯಬಾರದು. ೨೦೨೨ರಲ್ಲಿ ಕ್ವಾಮೂತ್ ಎಂಬಲ್ಲಿ, ತೇಕೆ ಜನರ ಭೂಮಿಯಲ್ಲಿ ನೆಲಸಿ ಬೇಸಾಯ ಮಾಡುತ್ತಿದ್ದ ಯಾಕಾ ರೈತರಿಗೂ ತೇಕೆ ಮುಖ್ಯಸ್ಥರಿಗೂ ಕಾಣಿಕೆಯ ವಿಷಯದಲ್ಲಿ ಹುಟ್ಟಿದ ಜಗಳವು ಊರೂರುಗಳನ್ನು ಸುಟ್ಟಿತು. ಯಾರಿಗೆ ಯಾರು ಏನನ್ನು ಒಪ್ಪಿಸಬೇಕು ಎಂಬ, ಕತ್ತಿಯಷ್ಟೇ ಹಳೆಯದಾದ ಪ್ರಶ್ನೆಯೇ ಅದರ ಮೂಲ.

ಅದೇ ೨೦೨೨ರಲ್ಲಿ ಬೆಲ್ಜಿಯಂ ಸರ್ಕಾರವು ತೆರ್ವುರೆನ್ನಿನಲ್ಲಿರುವ ಸುಮಾರು ೮೪,೦೦೦ ವಸ್ತುಗಳ ಪಟ್ಟಿಯನ್ನು ಕಾಂಗೋ ಸರ್ಕಾರಕ್ಕೆ ಕೊಟ್ಟಿತು. ಜೂನ್ ತಿಂಗಳಿನಲ್ಲಿ ಬೆಲ್ಜಿಯಂ ದೊರೆ ಫಿಲಿಪ್ಪನು ಕಿನ್ಶಾಸಕ್ಕೆ ಬಂದಾಗ, ಯಾಕಾಗಳ ನೆರೆಯವರಾದ ಸುಕು ಜನರ 'ಕಾಕುಂಗು' ಎಂಬ ದೊಡ್ಡ ಮುಖವಾಡವನ್ನು, ಅವಧಿಯಿಲ್ಲದ ಎರವಲೆಂಬ ಹೆಸರಿನಲ್ಲಿ, ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದನು. ಜುಲೈ ತಿಂಗಳಿನಲ್ಲಿ ವಸಾಹತು ಕಾಲದ ವಸ್ತುಗಳನ್ನು ಹಿಂದಿರುಗಿಸುವುದಕ್ಕೆ ಬೆಲ್ಜಿಯಂನಲ್ಲಿ ಒಂದು ಕಾಯಿದೆಯೂ ಆಯಿತು. ಅದರಂತೆ ಕೊಡುವುದು ಒಂದು ಸರ್ಕಾರ, ತೆಗೆದುಕೊಳ್ಳುವುದು ಇನ್ನೊಂದು ಸರ್ಕಾರ. ಒಂದು ವೇಳೆ ಪೆಂಡೆ ಮುಖ್ಯಸ್ಥನೊಬ್ಬನ ಕಿರುಗತ್ತಿಯು ಹಿಂದಿರುಗಿದರೂ ಅದು ಬಂದು ಇಳಿಯುವುದು ರಾಜಧಾನಿಯಲ್ಲಿ. ಲೊವಾಂಜೆಯ ದಡದ ಊರು ಅಲ್ಲಿಂದ ನೂರಾರು ಮೈಲಿಗಳ ಆಚೆ ಇದೆ. ಅಲ್ಲಿ ಮುಖ್ಯಸ್ಥನ ವಿಧಿಮನೆಯನ್ನು ಮರ, ಹುಲ್ಲುಗಳಿಂದಲೇ ಕಟ್ಟುತ್ತಾರೆ. ಹಳಬನ ಮನೆಯು ಅವನೊಡನೆಯೇ ಮುಗಿಯುವುದರಿಂದ ಹೊಸಬನು ಹೊಸದಾಗಿ ಕಟ್ಟಿಸಬೇಕು. ಆ ಮನೆಯ ಗೋಡೆಗಳು ಗೆದ್ದಲಿಗೆ ಹೋಗಬಹುದು. ಅದರೊಳಗೆ ಇಡಬೇಕಾದ ಕಬ್ಬಿಣವು ಮಾತ್ರ ಒಬ್ಬನಿಂದ ಮತ್ತೊಬ್ಬನಿಗೆ ಸಲ್ಲಬೇಕು.